ಕೆಂಪು ಗಾಡಿಯಲ್ಲಿ ಆರು ಜನಕ್ಕೆ ಜಾಗ

ಊರಿಗಾಂ,
ಗುರುವಾರ, ೬ ಫೆಬ್ರವರಿ ೧೯೬೪

ಪ್ರೀತಿಯ ಅಮ್ಮಾ,

ನಿನ್ನ ಮಗ ಆದಿನಾರಾಯಣ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ಮಂಡಿ ನೋವು ಹೇಗಿದೆ? ಹರಳೆಣ್ಣೆ ಕಾಯಿಸಿ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಇರುವ ಎಣ್ಣೆಯನ್ನೆಲ್ಲ ಮಗುವಿನ ಮೈಗೇ ಸುರಿಯುತ್ತಿದ್ದೀಯೋ? ಅಕ್ಕ ಎದ್ದು ಓಡಾಡುತ್ತಿದ್ದಾಳೆ, ಮಗು ಬೆರಳು ಹಿಡಿದರೆ ಬಿಡುವುದಿಲ್ಲ ಎಂದು ಭಾವ ಬರೆದಿದ್ದರು. ಅಕ್ಕನ ಅತ್ತೆ ಕಾಲು ಮುರಿದುಕೊಂಡು ಮಲಗದೆ ಇದ್ದಿದ್ದರೆ ಬಾಣಂತನ ನಮ್ಮ ಮನೆಯಲ್ಲೇ ಆಗುತ್ತಿತ್ತು, ನೀನೂ ಕಾಮಸಮುದ್ರಕ್ಕೆ ಹೋಗಿ ಎರಡು ತಿಂಗಳು ಕೂರಬೇಕಾಗುತ್ತಿರಲಿಲ್ಲ. ಆ ತಾಯಿಯೂ ಬೇಗ ಎದ್ದು ನಡೆಯುವಂತಾಗಲಿ. ಭಾವ, ನಿಮಗೊಂದು ಮಾತು. ಇದನ್ನು ಅಮ್ಮನಿಗೆ ಓದಿ ಹೇಳುವಾಗ ಅವಸರ ಮಾಡಬೇಡಿ. ನಡುವೆ ಅವಳು ಒಲೆ ನೋಡುತ್ತೇನೆಂದು ಎದ್ದರೆ ನಿಲ್ಲಿಸಿ, ಬಂದು ಕೂತ ಮೇಲೆ ಮುಂದುವರಿಸಿ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮುದ್ದೆ ಅಪ್ಪ ಮಾಡುತ್ತಾನೆ, ಸಾರು ನಾನು ಮಾಡುತ್ತೇನೆ. ಮೊದಮೊದಲು ಮುದ್ದೆಯಲ್ಲಿ ಗಂಟುಗಳಿರುತ್ತಿದ್ದವು, ಈಗ ಪರವಾಗಿಲ್ಲ. ನಿನ್ನ ಕರಿಬೇವಿನ ಗಿಡ ಚಿಗುರಿದೆ. ಈ ಸಲ ಮಂಜು ಸಂಕ್ರಾಂತಿ ಕಳೆದರೂ ಹೋಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಗಣಿಯ ಮಣ್ಣಿನ ಬಿಳಿ ಗುಡ್ಡಗಳೂ ಮಂಜೂ ಒಂದೇ ಆಗಿ, ಊರಿಗೆ ಊರೇ ಹಾಲಿನ ಪಾತ್ರೆಯೊಳಗೆ ಇಳಿದಂತೆ ಇರುತ್ತದೆ. ಎದುರು ಮನೆಯವರು ಕೆಮ್ಮಿದ್ದು ಕೇಳಿಸುತ್ತದೆ, ಮನೆ ಕಾಣಿಸುವುದಿಲ್ಲ.

ಇಂಥದೇ ಒಂದು ಬೆಳಿಗ್ಗೆ ಬೆಂಕಿ ಆರಿಸುವ ನಮ್ಮ ಹೊಸ ಗಾಡಿ ಬಂತು. ನೀನು ಹೊರಟ ಮರುವಾರವೇ. ಮದ್ರಾಸಿನಿಂದ ಗೂಡ್ಸ್ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತದೆಂದು ತಿಳಿದು ನಮ್ಮ ಫೈರ್ ಸ್ಟೇಷನ್ನಿನ ಹನ್ನೊಂದು ಜನವೂ ಇಳಿಸಿಕೊಳ್ಳಲು ಹೋಗಿದ್ದೆವು. ಗೂಡ್ಸ್ ಷೆಡ್ಡಿನ ಹತ್ತಿರ ಹತ್ತು ಮಾರು ದೂರದ್ದೂ ಕಾಣುತ್ತಿರಲಿಲ್ಲ. ಆ ಬಿಳಿಯೊಳಗಿಂದ ಮೊದಲು ಬರೀ ಕೆಂಪು ಬಣ್ಣ ಬಂತಮ್ಮ, ಆಮೇಲೆ ಗಾಡಿ ಬಂತು. ಮೂತಿಯ ಮೇಲೆ ಹಿತ್ತಾಳೆ ಗಂಟೆ, ಬೆನ್ನ ಮೇಲೆ ಐನೂರು ಗ್ಯಾಲನ್ ನೀರಿನ ತೊಟ್ಟಿ, ಮಗ್ಗುಲಲ್ಲಿ ಸುರುಳಿ ಸುತ್ತಿದ ಹೊಸ ಪೈಪುಗಳು. ಜೊತೆಗೆ ಬಂದಿದ್ದ ಮದ್ರಾಸಿನ ಫಿಟ್ಟರ್ ತಮಿಳಿನಲ್ಲಿ ಒಂದೊಂದೇ ಹಿಡಿಯನ್ನು ಮುಟ್ಟಿ ತೋರಿಸುತ್ತಾ ಹೋದ. ಅಪ್ಪ ಪ್ರತಿಯೊಂದಕ್ಕೂ ಕೂಸಿನಂತೆ ತಲೆಯಾಡಿಸಿದ. ಕೊನೆಗೆ ಫಿಟ್ಟರ್ ಬೀಗದಕೈಯನ್ನು ಅವನ ಕೈಗೇ ಇಟ್ಟ.

ಒಳಗೆ ಆರು ಜನಕ್ಕೆ ಸೀಟು. ಉಳಿದವರು ಅಕ್ಕಪಕ್ಕದ ಮೆಟ್ಟಿಲ ಮೇಲೆ ನಿಂತೆವು. ಅಪ್ಪ ಬಂಗಾರಪೇಟೆಯಿಂದ ಊರಿಗಾಂವರೆಗೂ ಎತ್ತಿನ ಗಾಡಿಗಿಂತ ಸ್ವಲ್ಪವೇ ಜೋರಾಗಿ ಓಡಿಸಿದ. ಮಂಜು ಸ್ವಲ್ಪ ಸರಿದಿತ್ತು, ರಾಗಿ ಕೊಯ್ದ ಹೊಲಗಳಲ್ಲಿ ಹೆಂಗಸರು ಎದ್ದು ನಿಂತು ನೋಡುತ್ತಿದ್ದರು. ಒಬ್ಬಳು ಓಡಿಬಂದು ಗಾಡಿಗೆ ಕುಂಕುಮ ಇಟ್ಟಳು. ಇನ್ನೊಬ್ಬಳು ಎಲ್ಲಿಂದಲೋ ಚೆಂಡುಹೂವಿನ ಸರ ತಂದು ಗಂಟೆಗೆ ಸುತ್ತಿದಳು. ನಾನು ಹೊರಗೆ ಕಂಬಿ ಹಿಡಿದು ನಿಂತಿದ್ದೆ. ಗಾಡಿ ಚಲಿಸುತ್ತಿದೆ ಅನ್ನಿಸಲೇ ಇಲ್ಲ. ನಾವು ಇದ್ದಲ್ಲೇ ಇದ್ದೇವೆ, ಹೊಲ, ಹುಣಸೆಮರ, ಕೆರೆ ಏರಿ ಎಲ್ಲವೂ ನೀರಿನ ಮೇಲೆ ತೇಲಿ ಹಿಂದಕ್ಕೆ ಹೋಗುತ್ತಿವೆ ಅನ್ನಿಸುತ್ತಿತ್ತು. ಇಳಿದ ಮೇಲೆ ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೇಳಿದ, ‘ಬೆಚ್ಚಗೈತೆ ಕಣ್ಲಾ. ಕರು ಮೈ ಮುಟ್ಟಿದಂಗೆ.’ ಅವನ ಕಣ್ಣಲ್ಲಿ ನೀರಿತ್ತು. ಮಂಜಿನಿಂದ ಅಂದ.

ಜನವರಿ ಎರಡನೇ ತಾರೀಕು ಸ್ಟೇಷನ್ನಿನ ಬೋರ್ಡಿಗೆ ಒಂದು ಕಾಗದ ಅಂಟಿಸಿದರು. ಹಳೆಯ ಗಾಡಿಗೆ ಹನ್ನೊಂದು ಜನ ಬೇಕಾಗುತ್ತಿತ್ತು, ಹೊಸದಕ್ಕೆ ಆರು ಜನ ಸಾಕು. ಐವರನ್ನು ತೆಗೆಯಬೇಕು, ಕೊನೆಗೆ ಸೇರಿದವರು ಮೊದಲು ಹೊರಡಬೇಕು ಎಂದಿತ್ತು. ಐದು ಹೆಸರುಗಳಲ್ಲಿ ನನ್ನದೇ ಮೊದಲು. ಅದರ ಕೆಳಗೆ ಸೊಣ್ಣಪ್ಪ, ಅವರೆಕಾಳಿನ ಸಾರು ಬೇಡಿಕೊಂಡು ನಮ್ಮ ಮನೆಗೆ ಬರುತ್ತಿದ್ದನಲ್ಲ, ಅವನೇ. ಸೊಣ್ಣಪ್ಪ ಕಾಗದವನ್ನು ಎರಡು ಸಲ ಓದಿ, ‘ಗಾಡಿ ತರಕ್ಕೆ ನಾವೇ ಓಗಿದ್ವಲ್ಲೋ’ ಅಂದ.

ಇನ್ನು ಮುಂದಿನದನ್ನು ನಿನಗೆ ತಿಳಿಸಬಾರದೆಂದು ಅಪ್ಪ ಹೇಳಿದ್ದ. ನಾನು ಒಂದು ತಿಂಗಳು ಅವನ ಮಾತು ಕೇಳಿದೆ, ಇನ್ನು ಆಗುವುದಿಲ್ಲ. ಭಾವ, ಅವಳಿಗೆ ಒಂದು ಲೋಟ ನೀರು ಕೊಡಿ.

ಕಾಗದ ಅಂಟಿಸಿದ ಮೂರನೇ ದಿನ ಅಪ್ಪ ಮನೆಗೆ ಬಂದು ಕಾಲು ತೊಳೆದುಕೊಂಡು, ಗೋಡೆಗೆ ಒರಗಿ ಕೂತು, ಹಾಲು ಮಾರುವವನ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದ: ‘ನಾನ್ ಕೆಲ್ಸ ಬಿಟ್ಟೆ ಕಣ್ಲಾ. ಆಪೀಸರ್ನ ಕೇಳ್ಕಂಡೆ. ನಿಂದು ಉಳ್ಕಂತು.’ ನಾನು ಕೂಗಾಡಿದೆ. ನಿನ್ನನ್ನು ಕೇಳಿದವರು ಯಾರು, ಇಪ್ಪತ್ತೆರಡು ವರ್ಷ ಓಡಿಸಿದವನು ಇನ್ನು ನಾಲ್ಕು ವರ್ಷ ಓಡಿಸಿ ಮರ್ಯಾದೆಯಾಗಿ ಇಳಿಯಬಾರದಿತ್ತೇ ಅಂದೆ. ಆಡಬಾರದ ಮಾತನ್ನೂ ಆಡಿದೆ, ನಿನ್ನ ದಾನ ನನಗೆ ಬೇಡ ಅಂದೆ. ಅವನು, ‘ನೀನು ಈಗ್ ತಾನೆ ಗಾಡಿ ಅತ್ತಿದ್ದೀಯ, ನಾನು ಇಳಿಯಾದು. ಇದ್ರಲ್ ದಾನ ಏನ್ ಬಂತು’ ಎಂದು ಎದ್ದು ಮುದ್ದೆಗೆ ಎಸರಿಟ್ಟ. ಮಾರನೆಯ ದಿನ ಆಫೀಸರು ನನ್ನನ್ನು ಕರೆದು ಅಪ್ಪ ಕೂರುತ್ತಿದ್ದ ಸೀಟಿನಲ್ಲೇ ಕೂರಿಸಿದರು. ಹಳೆಯ ಗಾಡಿಯ ಮೇಲೆ ನನಗೆ ಓಡಿಸುವುದನ್ನು ಕಲಿಸಿದವನು ಅವನೇ ಅಲ್ಲವೇ, ಅದಕ್ಕೆ.

ಅಮ್ಮಾ, ಅಪ್ಪ ಗೊಣಗಲಿಲ್ಲ. ಗೊಣಗಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಎಂದಿನಂತೆ ಐದಕ್ಕೇ ಏಳುತ್ತಾನೆ, ಸ್ನಾನ ಮಾಡುತ್ತಾನೆ, ತಲೆ ಬಾಚುತ್ತಾನೆ, ಆಮೇಲೆ ಏನು ಮಾಡುವುದೆಂದು ತಿಳಿಯದೆ ಅಂಗಳದಲ್ಲಿ ನಿಲ್ಲುತ್ತಾನೆ. ಹಳೆಯ ಗಾಡಿಯನ್ನು ಸ್ಟೇಷನ್ನಿನ ಹಿಂದೆ ಹುಣಸೆಮರದ ಕೆಳಗೆ ನಿಲ್ಲಿಸಿದ್ದಾರೆ, ಹರಾಜಾಗುತ್ತದಂತೆ. ಒಂದು ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತಾ ಹೇಳಿದ, ‘ಕನಸಲ್ಲಿ ಅಳೇ ಗಾಡಿ ಕೆರೆ ಒಳಗೆ ಉಲ್ಲು ಮೇಯ್ತಿತ್ತು. ಕರೆದ್ರೆ ತಲೆ ಎತ್ತಿ ನೋಡ್ತು, ಬರ್ನಿಲ್ಲ.’ ಹೇಳಿ ನಕ್ಕ. ನಾನೂ ನಕ್ಕೆ. ಆದರೆ ಆ ಇಡೀ ದಿನ ನನಗೂ ಹಾಗೇ ಕಾಣುತ್ತಿತ್ತು, ಮೊಣಕಾಲುದ್ದ ಹುಲ್ಲಿನಲ್ಲಿ ನಿಂತ ಒಂದು ಕೆಂಪು ಪ್ರಾಣಿ, ಅದರ ಬೆನ್ನ ಮೇಲೆ ಬೆಳ್ಳಕ್ಕಿ.

ಒಂದು ಶನಿವಾರ ನನಗೆ ರಜ ಇತ್ತು. ಇಬ್ಬರೂ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಹೊಸ ಸೈರನ್ನನ್ನು ಪರೀಕ್ಷೆಗೆಂದು ಕೂಗಿಸಿದರು. ಅಪ್ಪ ತಟ್ಟೆ ಬಿಟ್ಟು ಎದ್ದು ಹೊಸ್ತಿಲವರೆಗೂ ಓಡಿ, ಅಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ‘ನಾನಲ್ಲ ಅಲ್ವಾ ಈಗ’ ಅಂದ, ಯಾರನ್ನೋ ಕೇಳುವ ಹಾಗೆ. ಬಂದು ಕೂತ. ಆದರೆ ಊಟ ಮಾಡಲಿಲ್ಲ. ಆ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ.

ಕಳೆದ ವಾರ ಮಂಗಳವಾರ, ಇಪ್ಪತ್ತೆಂಟರಂದು, ನಿಜವಾಗಿಯೇ ಸೈರನ್ ಕೂಗಿತು. ನಮ್ಮ ಲೈನುಗಳ, ಈ ಸಾಲುಮನೆಗಳ, ಹಿಂದಿನ ತಟ್ಟಿ ಮನೆಗಳಿಗೆ ನಡುಮಧ್ಯಾಹ್ನ ಬೆಂಕಿ ಬಿದ್ದಿತ್ತು. ಯಾರದೋ ಒಲೆಯ ಕಿಡಿ, ಮೇಲೆ ಒಣಗಾಳಿ. ಬಿದಿರು ತಟ್ಟಿಯ ಗೋಡೆಗಳು ಎಣ್ಣೆ ಕುಡಿದಂತೆ ಉರಿಯುತ್ತಿದ್ದವು. ನಾನು ಗಾಡಿಯನ್ನು ಮೂರೇ ನಿಮಿಷದಲ್ಲಿ ಅಲ್ಲಿಗೆ ತಂದೆ. ಆದರೆ ಆ ಸಂದಿಯೊಳಗೆ ಅದು ತೂರಲಿಲ್ಲ, ಹೊಸ ಗಾಡಿ ಹಳೆಯದಕ್ಕಿಂತ ಎರಡು ಮೊಳ ಅಗಲ. ಬಾಯಲ್ಲೇ ನಿಲ್ಲಿಸಿ ಪೈಪು ಎಳೆದೆವು. ಇಬ್ಬರು ಪೈಪಿನ ತುದಿ ಹಿಡಿದರೆ, ಒಬ್ಬ ಪಂಪಿನ ಹತ್ತಿರ, ಇಬ್ಬರು ಮನೆಗಳಿಂದ ಮುದುಕರನ್ನು ಹೊರಗೆ ತರಬೇಕು. ಎರಡನೇ ಪೈಪು ಹಿಡಿಯಲು ಕೈಗಳೇ ಇಲ್ಲ. ಐನೂರು ಗ್ಯಾಲನ್ ನೀರು ನೋಡನೋಡುತ್ತಾ ಮುಗಿಯಿತು. ಪೈಪು ಜೋತುಬಿದ್ದು ನೆಲಕ್ಕೆ ಒರಗಿತು. ಹೆಂಗಸರು ಬಾಯಿ ಬಡಿದುಕೊಳ್ಳುತ್ತಿದ್ದರು. ನಾನು ಸೀಟಿನಲ್ಲಿ ಕೂತಿದ್ದೆ, ಎಲ್ಲವೂ ಗಾಜಿನ ಆಚೆ ನಡೆಯುತ್ತಿದೆ ಅನ್ನಿಸಿತು.

ಆಗ ಹೊಗೆಯೊಳಗಿಂದ ಅಪ್ಪ ಬಂದ. ಕಾಲಲ್ಲಿ ಚಪ್ಪಲಿ ಇಲ್ಲ, ಬಲಗೈಗೆ ಇನ್ನೂ ಸಾರು ಮೆತ್ತಿಕೊಂಡಿತ್ತು. ಅವನು ಬೆಂಕಿಯ ಕಡೆ ನೋಡಲೇ ಇಲ್ಲ, ನೆಲ ನೋಡುತ್ತಾ ನಡೆದ. ಮೂಲೆ ಮನೆಯ ಅಕ್ಕಯ್ಯಮ್ಮನ ಅಂಗಳಕ್ಕೆ ಹೋಗಿ ಅವಳ ಕೋಳಿಗೂಡನ್ನು ಎತ್ತಿ ಪಕ್ಕಕ್ಕೆ ಒಗೆದ. ಕೋಳಿಗಳೆಲ್ಲ ಹಾರಿದವು. ಮುದುಕಿ ಅವನ ಬೆನ್ನಿಗೆ ಗುದ್ದುತ್ತಾ, ‘ಅಯ್ಯೋ ನಾಯನಾ, ಬೆಂಕಿ ಆ ಕಡೆ ಐತೆ, ನನ್ ಕೋಳಿ ಮೇಲ್ ಯಾಕ್ ಬಿದ್ದೆ!’ ಅಂದಳು. ‘ಕೋಳಿ ಆಮೇಲ್ ಇಡ್ಕೊಡ್ತೀನಿ ಅಕ್ಕಯ್ಯಮ್ಮ, ಕೆಳಗೆ ನೀರೈತೆ’ ಎಂದು ಅಪ್ಪ ಹಾರೆ ಹಾಕಿದ. ಒಂದು ಮೊಳ ಮಣ್ಣು ಸರಿಸಿದರೆ ನೆಲದಡಿಯ ನೀರಿನ ಕೊಳಾಯಿಗೆ ಪೈಪು ಸಿಕ್ಕಿಸುವ ಕಬ್ಬಿಣದ ಬಾಯಿ! ಅಷ್ಟರಲ್ಲಿ ಸೊಣ್ಣಪ್ಪ ಬಂದಿದ್ದ, ಅವನ ಹಿಂದೆಯೇ ತೆಗೆದುಹಾಕಿದ ಇನ್ನಿಬ್ಬರು. ಯಾರೂ ಯಾರನ್ನೂ ಕರೆದಿರಲಿಲ್ಲ. ಎರಡನೇ ಪೈಪನ್ನು ಹೆಗಲ ಮೇಲೆ ಹೊತ್ತು ಸಂದಿಯೊಳಗೆ ಓಡಿದರು. ಅಪ್ಪ ಕೈ ಎತ್ತಿದ, ನಾನು ಪಂಪಿಗೆ ಎಂಜಿನ್ ಜೋರು ಮಾಡಿದೆ, ಪೈಪು ಉಬ್ಬಿ ಎದ್ದು ನಿಂತಿತು.

ಏಳು ಮನೆ ಹೋದವು ಅಮ್ಮ, ಮಿಕ್ಕ ನಲವತ್ತೂ ಉಳಿದವು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಅಕ್ಕಯ್ಯಮ್ಮನ ಒಂದು ಹುಂಜ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಬೆಂಕಿ ಆರಿದ ಮೇಲೆ ಆಫೀಸರು ಅಪ್ಪನ ಹತ್ತಿರ ಬಂದು, ಅದು ಅಲ್ಲಿದೆ ಎಂದು ನಿನಗೆ ಹೇಗೆ ಗೊತ್ತು, ನಕ್ಷೆಯಲ್ಲಿ ಇಲ್ಲವಲ್ಲ ಎಂದು ಕೇಳಿದರು. ‘ನಾನೇ ನಿಂತು ಆಕ್ಸಿದ್ದು ಸ್ವಾಮಿ’ ಅಂದ ಅಪ್ಪ. ಇಂಥವು ಇನ್ನೆಷ್ಟಿವೆ ಎಂದರು. ಅಪ್ಪ ಲೈನುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ‘ಒಂಬತ್ತು’ ಅಂದ.

ಗಾಡಿ ಹತ್ತು ಎಂದು ನಾನು ಕರೆದೆ. ‘ಬ್ಯಾಡ ಬುಡ್ಲಾ, ಗಾಡಿ ಡ್ಯೂಟಿ ಮೇಲೈತೆ. ನಾನ್ ನಡ್ಕೊಂಡ್ ಬತ್ತೀನಿ’ ಅಂದ. ಹಾಗೆಂದು ಹೊರಟೇಬಿಟ್ಟ. ನಾನು ಅವನ ಪಕ್ಕದಲ್ಲೇ ಅವನ ನಡಿಗೆಗೆ ಸರಿಯಾಗಿ ಓಡಿಸಿದೆ. ಆಫೀಸರು ತಡೆಯಲಿಲ್ಲ. ಹೊಗೆ ಇನ್ನೂ ತಗ್ಗಿನಲ್ಲಿ ನಿಂತಿತ್ತು, ಸಂಜೆ ಬಿಸಿಲು ಅದರೊಳಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಅಪ್ಪ ನಡೆಯುತ್ತಿದ್ದ, ಕೆಂಪು ಗಾಡಿ ಜೊತೆಗೆ ತೆವಳುತ್ತಿತ್ತು, ಹಿಂದೆ ಸೊಣ್ಣಪ್ಪ, ಅವನ ಹಿಂದೆ ಜನ. ಆ ದಾರಿ ಮುಗಿಯದೇ ಇದ್ದರೆ ಚೆನ್ನಾಗಿತ್ತು ಅನ್ನಿಸಿತು. ಮನೆಗೆ ಬಂದು ಅಪ್ಪ ಎರಡು ಮುದ್ದೆ ತಿಂದು, ಗೋಡೆಗೆ ಒರಗಿದವನು ಕೂತಲ್ಲೇ ನಿದ್ದೆ ಹೋದ. ಎಷ್ಟೋ ದಿನದ ಮೇಲೆ ಅವನ ಮುಖ ನನಗೆ ಗುರುತು ಸಿಕ್ಕಿತು.

ಬರೆಯುತ್ತಾ ಹೊತ್ತಾಯಿತು, ಟಪಾಲು ತೆಗೆಯುವ ಸಮಯ. ಅಕ್ಕನಿಗೆ ನನ್ನ ನೆನಪು ಹೇಳು, ತಣ್ಣೀರಲ್ಲಿ ಕೈ ಹಾಕದಿರಲಿ. ಅಕ್ಕನ ಅತ್ತೆಗೆ ನಮಸ್ಕಾರ. ಮಗುವಿನ ಎರಡೂ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದೊಂದು ಮುತ್ತು. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಈ ಸಲ ಅದು ಸ್ವಲ್ಪ ಹೆಚ್ಚಾಗಿಯೇ ಬೇಕು.

ನಿನ್ನ ಮಗ,
ಆದಿನಾರಾಯಣ

ತಾ.ಕ.: ಭಾವ, ಇದನ್ನು ಮೆಲ್ಲಗೆ ಓದಿ. ಅಮ್ಮಾ, ಅಪ್ಪ ಕೆಲಸ ಬಿಟ್ಟ ಕಾಗದ ಇನ್ನೂ ಆಫೀಸರ ಮೇಜಿನಲ್ಲೇ ಇದೆ, ಮೇಲಕ್ಕೆ ಹೋಗಿಲ್ಲ. ಅದನ್ನು ಹರಿದುಹಾಕಲು ಅವರು ಸಿದ್ಧ, ಆದರೆ ಏಳನೆಯವನನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂದರು. ನಿನ್ನೆ ನಾನು ನನ್ನ ರಾಜೀನಾಮೆ ಬರೆದು ಕೊಟ್ಟೆ. ಸೋಮವಾರದಿಂದ ಬಂಗಾರಪೇಟೆಯ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ, ಹೆದರಬೇಡ. ನೀನು ಅಲ್ಲಿ ನೋಡಿಟ್ಟಿರುವ ಹೆಣ್ಣಿನ ಮನೆಯವರಿಗೆ ಇದನ್ನು ಮುಚ್ಚಿಡದೆ ಹೇಳಿಬಿಡು; ಬೇಡ ಅಂದರೆ ಬೇಡ. ಅಪ್ಪನಿಗೆ ಇನ್ನೂ ಏನೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ಟೇಷನ್ನಿನಿಂದ ಅವನನ್ನು ಕರೆಯಲು ಜನ ಬರುತ್ತಾರೆ. ಅವನು ನನ್ನ ಮೇಲೆ ರೇಗುತ್ತಾನೆ, ಹೋಗುವುದಿಲ್ಲ ಎಂದು ಕೂರುತ್ತಾನೆ. ಭಾನುವಾರದ ಮೊದಲ ಬಸ್ಸಿಗೇ ಹೊರಟು ಬಾ. ಅವನ ಖಾಕಿ ಶರ್ಟು ಒಗೆದು ಇಸ್ತ್ರಿ ಮಾಡಿಸಿ ನಿನ್ನ ಸೀರೆಗಳ ಕೆಳಗೆ ಇಟ್ಟಿದ್ದೇನೆ. ನೀನೇ ಕೈಗೆ ಕೊಡಬೇಕು. ನಾನು ಕೊಟ್ಟರೆ ಹಾಕಿಕೊಳ್ಳುವುದಿಲ್ಲ.