ಬಟ್ಟಲಿನ ನೀರು

ಅಬ್ಬಾ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರಬಹುದು. ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಮಾತ್ರ ಬರೆದ ಕೈ. ಕ್ಷಮಿಸಿ.

ಬೀಸುವ ಕಲ್ಲು ಸಿಡಿದು ನೀವು ತೀರಿಕೊಂಡ ದಿನದಿಂದ ಮುಚ್ಚಿದ್ದ ಹಿಟ್ಟಿನ ಗಿರಣಿಯನ್ನು ಇಂದು ಬೆಳಿಗ್ಗೆ ತೆರೆದೆ. ಹೊಸ ಕಲ್ಲು ಕೂಡಿಸಿದ್ದೇವೆ. ನಿಮ್ಮಂತೆಯೇ ಗಿರಣಿಯ ಮೇಲೆ ನೀರಿನ ಬಟ್ಟಲಿಟ್ಟು, ಮೋಟಾರು ಹಚ್ಚಿ, ಗಿರಣಿಯನ್ನು ಅಂಗೈಯಿಂದ ಒಮ್ಮೆ ತಟ್ಟಿದೆ. "ನೀರಿನ ಅಲೆ ತಾನಾಗಿ ಅಡಗಿದ್ರ ಕಲ್ಲು ವರ್ಷಗಟ್ಟಲೆ ಓಡತೈತಿ. ಬೆಳಿಯಾಕತ್ತಿದ್ರ, ಎಷ್ಟ ಸಣ್ಣದಿದ್ರೂ ಬಂದ್ ಮಾಡು" ಎನ್ನುತ್ತಿದ್ದಿರಿ.

ಮೊದಲು ಅಲೆ ಅಡಗಿತು. ಜೋಳ ಸುರಿದ ಮೇಲೆ ನೀರು ಮತ್ತೆ ನಡುಗತೊಡಗಿತು. ನೋಡುತ್ತಿದ್ದಂತೆ ಅಲೆ ಬಟ್ಟಲಿನ ಅಂಚಿಗೆ ಬಂತು. ನಮ್ಮ ಓಣಿಯ ಗೌರಕ್ಕ ಕಲ್ಲಿನ ಪಕ್ಕದಲ್ಲೇ ನಿಂತಿದ್ದರು.

"ಏನ ಮುಸರತ, ನೀರು ನೋಡಿ ಶಕುನ ಹೇಳ್ತೀಯೇನು? ಲಗೂ ಬೀಸವಾ, ರೊಟ್ಟಿ ಬಡೀಬೇಕು!" ಎಂದು ನನ್ನನ್ನು ಅವಸರಿಸಿದರು.

ಪಾಳಿಯಲ್ಲಿದ್ದವರೆಲ್ಲ ನಕ್ಕರು.

ಹಳೆಯ ಕಲ್ಲು ಸಿಡಿದ ಆ ದಿನವೂ ಪಾಳಿಯಲ್ಲಿ ಜನ ಇದ್ದರು, ಅಬ್ಬಾ. ಬಟ್ಟಲು ನನ್ನ ಎದುರಿಗೇ ಇತ್ತು; ಅಲೆ ಬೆಳೆಯುವುದು ಕಂಡರೂ, ಜನ ನಕ್ಕಾರೆಂದು ನಿಮ್ಮನ್ನು ಕೂಗಿ ಎಚ್ಚರಿಸಲಿಲ್ಲ.

ಇಂದು ಕೂಗಿದೆ: "ಗೌರಕ್ಕಾ, ಹಿಂದ ಸರೀರಿ!" ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ. ಮೋಟಾರು ಬಂದ್ ಮಾಡಿ, ಕಲ್ಲು ಪೂರ್ತಿ ನಿಲ್ಲುವವರೆಗೂ ಯಾರನ್ನೂ ಹತ್ತಿರ ಬಿಡಲಿಲ್ಲ.

ಆಮೇಲೆ ಚೆಲ್ಲಿದ್ದ ನೀರನ್ನು ನಿಮ್ಮ ಟವೆಲಿನಿಂದ ಒರೆಸಿ, ಬಟ್ಟಲನ್ನು ಮತ್ತೆ ತುಂಬಿಸಿಟ್ಟೆ.