ಅಂಚು ತುಳಿಯದ ಕಾಲು

ಜೂನ್ 4, ಮಂಗಳವಾರ

ಐಕಿಡೋ ವರಸೆ ಕ್ಲಾಸಿನಲ್ಲಿ ಮತ್ತೆ ಇರಿಮಿ. ಹೊಡೆಯಲು ಬಂದವನಿಂದ ಹಿಂದೆ ಸರಿಯದೆ, ಪಕ್ಕದಿಂದ ಒಳನುಗ್ಗಿ ಅವನ ಬೆನ್ನ ಹಿಂದೆ ನಿಲ್ಲಬೇಕು. ಹೆಸರು ಬಾಯಿಪಾಠ. ಕಾಲಿಗೆ ಮಾತ್ರ ಬರುತ್ತಿಲ್ಲ, ಪ್ರತಿ ಸಲ ಒಂದು ಗೇಣು ಹಿಂದೆಯೇ ನಿಲ್ಲುತ್ತೇನೆ. ಜೊತೆಗಾರ ನಿಶಿದೆ — ನಮ್ಮ ಬೀದಿಯ ಅಂಚೆಯವನು — ಕಾದು ಕಾದು ಸುಸ್ತಾದ.

“ಅಕ್ಕಾ, ನಾನೇ ಬಿದ್ಬಿಡ್ಲಾ?”

“ಬಿದ್ದು ನೋಡು! ನಮ್ಮನೆಗೆ ಕಾಗದ ಹೆಂಗೆ ತರ್ತೀಯೋ ನೋಡ್ತೀನಿ.”

ಮಾರ್ಚ್ ಪರೀಕ್ಷೆಯಲ್ಲಿ ಇದರಲ್ಲೇ ಫೇಲ್. ಇದೇ 23ಕ್ಕೆ ಮತ್ತೆ. ಈ ಸಲವೂ ಆಗದಿದ್ದರೆ ಐಕಿಡೋ ಬಿಟ್ಟುಬಿಡುತ್ತೇನೆ ಎಂದು ಶುಹೇಯಿ ಮುಂದೆ ಜಂಬದಲ್ಲಿ ಹೇಳಿಬಿಟ್ಟೆ. ಗಂಡನ ಮುಂದೆ ಆಡಿದ ಮಾತು ವಾಪಸ್ ತೆಗೆದುಕೊಳ್ಳುವ ಹೆಂಗಸಲ್ಲ ನಾನು.

ಜೂನ್ 6

ಉಕೆಮಿ — ಪೆಟ್ಟಾಗದಂತೆ ಬೀಳುವುದು. ಇದರಲ್ಲಿ ನನಗೆ ಸರಿಸಾಟಿ ಇಲ್ಲ. ಐವತ್ತೆಂಟಕ್ಕೆ ಹೀಗೆ ಉರುಳಿ ಎದ್ದು ನಿಲ್ಲಲಿ ನೋಡೋಣ ಯಾರಾದರೂ!

ಜೂನ್ 11, ಸಂಜೆ

ಮಿಯಾಗಾವ ಸೆನ್ಸೇ — ನಮ್ಮ ಗುರು, ವಯಸ್ಸಿನಲ್ಲಿ ನನ್ನ ಮಗಳಂತೆ — ಇಡೀ ಹೊತ್ತು ನನ್ನ ಕಾಲನ್ನೇ ನೋಡುತ್ತಿದ್ದಳು.

“ತೋಶಿಯೆ ಅವ್ರೇ, ನೀವು ಎದುರಾಳಿಗೆ ಹೆದರ್ತಿಲ್ಲ. ಚಾಪೆ ಗೆರೆಗೆ ಹೆದರ್ತಿದ್ದೀರ.”

ನೋಡಿದೆ. ನಿಜ. ಎರಡು ತತಾಮಿ ಚಾಪೆ ಸೇರುವ ಗೆರೆಯ ಹತ್ತಿರ ಬಂದೊಡನೆ ಕಾಲು ತಾನಾಗಿ ನಿಲ್ಲುತ್ತದೆ.

ನಾನು ತತಾಮಿ ಎಂಬ ದಪ್ಪ ಹುಲ್ಲುಚಾಪೆ ಹೊಲಿಯುವ ಮನೆಯಲ್ಲಿ ಹುಟ್ಟಿ, ತತಾಮಿ ಹೊಲಿಯುವವರನ್ನೇ ಕಟ್ಟಿಕೊಂಡವಳು. ತತಾಮಿಯ ಅಂಚಿಗೆ ಹೊಲಿದ ಬಟ್ಟೆಪಟ್ಟಿ ತುಳಿಯುವುದು ಮರ್ಯಾದೆಗೇಡು; ತುಳಿದರೆ ಅಪ್ಪ ಅಳತೆಕೋಲಿನಿಂದ ಬಾರಿಸುತ್ತಿದ್ದರು. ಅಭ್ಯಾಸದ ಚಾಪೆಗೆ ಪಟ್ಟಿಯೇ ಇಲ್ಲ... ಅದನ್ನು ಕಾಲಿಗೆ ಹೇಳುವವರು ಯಾರು?

ನಾಚಿಕೆಯೇನೂ ಆಗಲಿಲ್ಲ. ಇಷ್ಟು ಚೆನ್ನಾಗಿ ಕಲಿತ ಕಾಲು ನಮ್ಮ ತಾನಾಬೆ ಊರಲ್ಲಿ ಇನ್ನೊಬ್ಬರಿಗಿಲ್ಲ.

ಜೂನ್ 12, ಬೆಳಿಗ್ಗೆ

ನಮ್ಮ ಚಾಪೆ ಅಂಗಡಿಯ ಹಿಂದೆ ಹಳೆ ತತಾಮಿ ಹಾಸಿಕೊಂಡು ಅಂಚು ತುಳಿಯುತ್ತಿದ್ದೆ. ಶುಹೇಯಿ ಓಡಿಬಂದರು.

“ಏಯ್! ತಲೆ ಕೆಟ್ಟಿದ್ಯಾ ನಿಂಗೆ?”

“ಬಿಸಾಡೋದು ಕಣ್ರೀ ಇದು.”

“ಬಿಸಾಡೋದಾದ್ರೂ ತತಾಮಿನೇ.”

ಅವರ ಮಾತೂ ಸರಿ. ಮನಸ್ಸಿನಲ್ಲೇ ಅಪ್ಪನ ಕ್ಷಮೆ ಕೇಳಿ ತುಳಿದೆ. ಪ್ರತಿ ಸಲವೂ ಮೈ ಜುಮ್ಮೆಂದಿತು.

ಜೂನ್ 23

ಪಾಸ್!

“ಇರಿಮಿ-ನಾಗೆ!” — ಒಳನುಗ್ಗಿ ಬೀಳಿಸುವುದು — ಎಂದು ಸೆನ್ಸೇ ಕೂಗಿದಳು. ನಿಶಿದೆ ಕೈ ಎತ್ತಿ ಬಂದ. ಗೆರೆ ಕಂಡಿತು. ಅದರ ಮೇಲೇ ಕಾಲಿಟ್ಟೆ. ಮರುಕ್ಷಣ ಅವನ ಬೆನ್ನ ಹಿಂದಿದ್ದೆ. ಧಡ್.

ಎದ್ದು ಬಂದು ಪಿಸುಗುಟ್ಟಿದ, “ಅಕ್ಕಾ, ದೇವ್ರಾಣೆ ನಾನಾಗಿ ಬಿದ್ದಿಲ್ಲ.”

ಐದನೇ ‘ಕ್ಯೂ’ ದರ್ಜೆ, ಎಣಿಕೆ ಐದರಿಂದ ಒಂದಕ್ಕೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಬೆಲ್ಟ್ ಇನ್ನೂ ಬಿಳಿಯದೇ. ಆದರೆ ಸೈಕಲ್ ಮೇಲೆ ಮನೆಗೆ ಬರುವಾಗ ಇಡೀ ಊರೇ ನನ್ನದು ಅನ್ನಿಸಿತು.

ಜೂನ್ 24

ತಿಂಡಿ ಹೊತ್ತಿಗೆ ಶುಹೇಯಿ ನನ್ನ ಮಣಿಕಟ್ಟು ಹಿಡಿದರು. ವರ್ಷಗಟ್ಟಲೆ ದಬ್ಬಣ ಎಳೆದ ಕೈ, ಉಡದ ಹಿಡಿತ.

“ಎಲ್ಲಿ, ನನ್ನ ಬೀಳ್ಸು ನೋಡೋಣ.”

ಒಳನುಗ್ಗಿದೆ. ಅವರ ತಲೆ ನನ್ನ ಹೆಗಲಿಗೆ ಒರಗಿತು. ಇನ್ನೊಂದು ಹೆಜ್ಜೆ ಸಾಕಿತ್ತು. ಬೀಳಲು ಕಲಿಯದವರನ್ನು ಬೀಳಿಸಬಾರದು — ಬಿಟ್ಟೆ.

ಸೂಪ್ ಬಟ್ಟಲು ಖಾಲಿ ಮಾಡಿದರು. ಆಮೇಲೆ, “ಮಂಡಿ ನೋವಿರೋರ್ನ ಸೇರಿಸ್ಕೋತಾರಾ?”

“ಯಾಕಿಲ್ಲ?”

“ಗುರುವಾರ ಬರ್ಲಾ ಹಂಗಾದ್ರೆ?”

ಬನ್ನಿ ಅಂದೆ. ಅವರಿಗಿಂತ ಮೊದಲು ಸೇರಿದವಳು ನಾನು, ಅಲ್ಲಿ ನಾನೇ ಹಿರಿಯಳು. ಅವರು ಮಂಡಿಯೂರಿ, ತಲೆ ಬಗ್ಗಿಸಿ, ‘ದಯವಿಟ್ಟು ಕಲಿಸಿಕೊಡಿ’ ಎಂದು ನನ್ನನ್ನು ಕೇಳಬೇಕು. ಅದೊಂದನ್ನು ಇನ್ನೂ ಹೇಳಿಲ್ಲ. ಗುರುವಾರ...