ಸೋಬಾನ ಪದದ ಉಳಿದರ್ಧ ಎಲ್ಲಿ ಹೋಯಿತು?

ಜನಪದ ಹಾಡುಗಳನ್ನು ಫೋನಿನೊಳಗೆ ಉಳಿಸಲು ಹೊರಟಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಆ್ಯಪಿನಲ್ಲಿರುವ ಅಸುಂಡಿಯ ಸೋಬಾನ ಪದಗಳು ಅರ್ಧ ಮಾತ್ರ ಇವೆ. ಉಳಿದರ್ಧವನ್ನು ಹಾಡಿದವಳು ನಾನು, ಅಳಿಸಿದವರು ನೀವು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚಾಗಿದೆ. ಆ್ಯಪ್ ತೆರೆದರೆ ನಮ್ಮೂರ ಬೀರವ್ವನ ಮುಖ, ಮೂಗುತಿ ಸಮೇತ. ಕೆಳಗೆ ‘ಸೋಬಾನದ ಕಣಜ’ ಎಂಬ ಬಿರುದು. ಮೂವತ್ತೊಂದು ವರ್ಷ ಅವಳ ಮಗ್ಗುಲಲ್ಲೇ ಕೂತು ಹಾಡಿದ ನಾನು ಆ ಕಣಜದ ಯಾವ ಮೂಲೆಯಲ್ಲಿದ್ದೇನೆ? ಚಿತ್ರದ ಅಂಚಿನಲ್ಲಿ ನನ್ನ ಮೊಣಕೈ ಇದೆ. ನನ್ನ ಗಂಡ ಹೊಳೆಯಪ್ಪ ಅದನ್ನು ಗುರುತಿಸಿ, “ಬಂತಲ್ಲ ನಿಂದೂ ಫೋಟೊ!” ಎಂದು ನಕ್ಕರು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಮದುಮಗಳಿಗೆ ಅರಿಷಿಣ ಹಚ್ಚುವಾಗ ನಮ್ಮಲ್ಲಿ ಒಬ್ಬಳು ಅರ್ಧ ಸಾಲಿನಲ್ಲಿ ಕೇಳುತ್ತಾಳೆ, ಇನ್ನೊಬ್ಬಳು ಉಳಿದರ್ಧದಲ್ಲಿ ಹೇಳುತ್ತಾಳೆ. ಅರಿಷಿಣ ಅರೆದವರು ಯಾರೆಂದು ಬೀರವ್ವ ಕೇಳಿದರೆ, ಆ ಮನೆಯ ಸೋದರತ್ತೆಯ ಹೆಸರು ಸೇರಿಸಿ ಸಾಲು ಮುಗಿಸುವವಳು ನಾನು. ಕೇಳಿದ ಬಾಯಿ ಹೇಳಬಾರದು ಎಂಬುದು ಪದ್ಧತಿ. ಹೀಗಾಗಿ ನನ್ನ ಅರ್ಧ ಅವಳಿಗೆ ಬಾರದು. ನಿಮ್ಮವರು ಬಂದ ದಿನ ಮೈಕನ್ನು ಅವಳ ಸೆರಗಿಗೆ ಸಿಕ್ಕಿಸಿ, ನನಗೆ, “ಅಕ್ಕಾರ, ನೀವು ಸ್ವಲ್ಪ ಹಿಂದ ಸರೀರಿ” ಎಂದರು. ಸರಿದು ಕೂತೇ ಹಾಡಿದೆ. ಆಮೇಲೆ ಯಂತ್ರದಲ್ಲಿ ಗದ್ದಲ ತೆಗೆಯುವಾಗ ನನ್ನನ್ನೂ ತೆಗೆದಿರಿ. ಎಂಥ ಜಾಣ ಯಂತ್ರ! ಹಿತ್ತಲಲ್ಲಿ ಕೋಳಿ ಕೂಗಿದ್ದು ಮಾತ್ರ ಹಾಗೇ ಉಳಿದಿದೆ.

ಕಳೆದ ತಿಂಗಳು ಮುಂಡರಗಿಯಲ್ಲಿ ನನ್ನ ತಂಗಿಯ ಮಗಳು ಪ್ರಿಯಾಂಕಾಳ ಅರಿಷಿಣ. ಬೀರವ್ವ ಮೊಣಕಾಲು ನೋವೆಂದು ಬರಲಿಲ್ಲ. ಸ್ಪೀಕರಿನಲ್ಲಿ ನಿಮ್ಮ ಆ್ಯಪ್ ಹಾಕಿದರು. ಅರಿಷಿಣ ಅರೆದವರು ಯಾರೆಂದು ಅವಳ ದನಿ ಕೇಳಿತು, ಆಮೇಲೆ ಸುಮ್ಮನಾಯಿತು. ಅರೆದು ಕೈಯೆಲ್ಲ ಹಳದಿಯಾಗಿದ್ದ ಸೋದರತ್ತೆ ವನಿತಾ ತನ್ನ ಹೆಸರಿಗೆ ಕಾದು ಕೂತಿದ್ದಳು. ತಡೆಯಲಾರದೆ ನಾನೇ ದನಿ ತೆಗೆದೆ. ಬೀಗರ ಕಡೆಯ ಒಬ್ಬಾಕೆ, “ಫೋನ್ ಹಾಡಾಕತ್ತೈತ್ರಿ, ನಡಕ ಬಾಯಿ ಹಾಕಬ್ಯಾಡ್ರಿ” ಎಂದಳು. ಬಾಯಿ ಮುಚ್ಚಿದೆ. ವನಿತಾ ಎದ್ದು ಕೈ ತೊಳೆಯಲು ಹೋದಳು.

ತಪ್ಪು ತಿಳಿದ ಮೇಲೆ ನಿಮ್ಮ ಕಚೇರಿ ಕಂಡುಕೊಂಡ ದಾರಿಯೇನು? ಎರಡೂ ಅರ್ಧವನ್ನು ನೀವೇ ಹಾಡಿಕೊಡಿ ಎಂದು ಬೀರವ್ವನಿಗೇ ಫೋನ್ ಮಾಡಿದಿರಿ! ಪಾಪ, ಅವಳು ನಾಚಿಕೊಂಡೇ ನಮ್ಮ ಕಟ್ಟೆಗೆ ಬಂದು ಕೂತಳು.

“ಮಂಜೀ, ನಿನ್ನ ಅರ್ಧ ನನಗ ಒಂದೀಟು ಕಲಿಸವಾ.”

“ಕಲಿಸಿದ್ರ ಆಮ್ಯಾಲ ನಾ ಎದಕ್ಕ ಬೇಕು, ಬೀರಕ್ಕಾ?”

ಅವಳು ಚಹಾ ಕುಡಿಯದೆ ಎದ್ದು ಹೋದಳು. ಅಂದಿನಿಂದ ಈ ಕಡೆ ಬಂದಿಲ್ಲ.

ನಾನು ಕಲಿಸುವುದಿಲ್ಲ. ಸಣ್ಣತನ ಅನ್ನಿ, ಒಪ್ಪುತ್ತೇನೆ. ಪದ ಸತ್ತುಹೋಗುತ್ತದೆ ಎಂದು ಮಾತ್ರ ಹೆದರಿಸಬೇಡಿ, ಆ ಹೆದರಿಕೆ ನಿಮಗಿಂತ ನನಗೇ ಹೆಚ್ಚು. ನನಗೆ ಅರವತ್ತೊಂದು, ಅವಳಿಗೆ ಅರವತ್ತೆಂಟು. ಈ ತಿಂಗಳೊಳಗೆ ಅಸುಂಡಿಗೆ ಬನ್ನಿ. ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂಡಿಸಿ, ಎರಡು ಮೈಕು ಇಟ್ಟು, ಪದವನ್ನು ಇಡಿಯಾಗಿ ತುಂಬಿಕೊಳ್ಳಿ. ಇಬ್ಬರ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆಯಿರಿ.

ಅವಳನ್ನು ಬಿಟ್ಟು ನನ್ನೊಬ್ಬಳನ್ನೇ ಕರೆದರೂ ಬರುತ್ತೇನೆ ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ. ಅವಳು ಕೇಳದೆ ನಾನು ಯಾರಿಗೆ ಹೇಳಲಿ?

ಇಂತಿ,
ಹೊಟ್ಟೆಕಿಚ್ಚನ್ನು ಮುಚ್ಚಿಡಲು ಬಾರದ
ಮಂಜವ್ವ
ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಅಸುಂಡಿ